ನಾಬೋತನ ತೋಟ

ಯಾದಗಿರಿ ಜಿಲ್ಲೆಯ ಕಡೇಚೂರು, ಬಾಡಿಯಾಳದ ಕಡೆ ಹೋದವರಿಗೆ ಗೊತ್ತಿದೆ. ಕೈಗಾರಿಕಾ ಪ್ರದೇಶಕ್ಕೆಂದು ಅಲ್ಲಿ 3,000 ಎಕರೆಗೂ ಹೆಚ್ಚು ಭೂಮಿ ರೈತರ ಕೈಬಿಟ್ಟಿತು. ಪರಿಹಾರದ ಹಣ ಬಂತು, ಕಾರ್ಖಾನೆಗಳೂ ಬಂದವು. ಅವುಗಳ ದುರ್ವಾಸನೆ ಮತ್ತು ತ್ಯಾಜ್ಯದ ಬಗ್ಗೆ ಸುತ್ತಲಿನ ಹಳ್ಳಿಗರು ದೂರಿದ್ದಾರೆ. ಭೂಮಿಯ ಮೇಲೆ ಮನುಷ್ಯನಿಗಿರುವ ಅಧಿಕಾರವೆಷ್ಟು? ಈ ಪ್ರಶ್ನೆಗೆ ಕ್ರೈಸ್ತರು ತಮ್ಮ ಗ್ರಂಥದಲ್ಲಿ ಉತ್ತರ ಹುಡುಕಿದ ಬಗೆ ನಾವು ತಿಳಿಯತಕ್ಕದ್ದು.

ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ಭೂಮಿಯ ಮೇಲೆ ದೊರೆತನ ಕೊಡಲಾಗಿದೆ. ಪ್ರಕೃತಿಯನ್ನು ಮನಬಂದಂತೆ ಸೂರೆಗೈಯಲು ಇಂಥ ನಂಬಿಕೆಯೇ ದಾರಿ ಮಾಡಿತೆಂದು ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ಆಪಾದಿಸಿದರು. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪತ್ರದಲ್ಲಿ ಆ ಅರ್ಥವನ್ನು ತಳ್ಳಿಹಾಕಿದರು. ಎರಡನೆಯ ಅಧ್ಯಾಯವನ್ನೂ ಸೇರಿಸಿ ಓದಬೇಕು, ಅಲ್ಲಿ ಮನುಷ್ಯನನ್ನು ತೋಟದಲ್ಲಿರಿಸಿದ್ದು ಉಳುವುದಕ್ಕೂ ಕಾಯುವುದಕ್ಕೂ ಎಂಬುದು ಅವರ ವಾದ.

ಅರ್ಧ ಓದಿ ಎದ್ದುಹೋಗುವ ಚಾಳಿ ಅವರದು ಮಾತ್ರವೇ? ಮನುಷ್ಯನು ಭೂಮಿಯಲ್ಲಿ ಅಲ್ಲಾಹನ ಖಲೀಫನೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದೇ ವಚನದಲ್ಲಿ (ಅಲ್‌ಬಕರ: 30) ದೇವಚರರು ಕ್ಷೋಭೆ ಮತ್ತು ರಕ್ತಪಾತದ ಬಗ್ಗೆ ಕೇಳಿದ ಪ್ರಶ್ನೆ ಮಾತ್ರ ನಮ್ಮ ಭಾಷಣಗಳಲ್ಲಿ ಬರುವುದಿಲ್ಲ!

ಬೈಬಲಿನ ಇನ್ನೊಂದು ವೃತ್ತಾಂತ ಅರಸುಗಳ ಪ್ರಥಮ ಭಾಗದ 21ನೇ ಅಧ್ಯಾಯದಲ್ಲಿದೆ. ಅರಮನೆಯ ಪಕ್ಕದಲ್ಲಿ ನಾಬೋತನೆಂಬವನ ದ್ರಾಕ್ಷಿ ತೋಟವಿತ್ತು. ಅರಸ ಅಹಾಬನಿಗೆ ಅದು ಕಾಯಿಪಲ್ಲೆ ಬೆಳೆಯಲು ಬೇಕಾಯಿತು. ಇದಕ್ಕಿಂತ ಒಳ್ಳೆಯ ತೋಟ ಕೊಡುವೆ, ಇಲ್ಲವೇ ಹಣ ಕೊಡುವೆ ಎಂದ. ಬೆಲೆಯಲ್ಲಿ ಮೋಸವಿರಲಿಲ್ಲ. ಆದರೆ ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತ ಹೇಳಿದ. ಅರಸ ಮುನಿಸಿಕೊಂಡು ಊಟ ಬಿಟ್ಟು ಮಲಗಿದ. ರಾಣಿ ಈಜೆಬೆಲಳು ಸುಳ್ಳುಸಾಕ್ಷಿ ಹೂಡಿ, ದೇವದೂಷಣೆಯ ಆರೋಪ ಹೊರಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ತೋಟವನ್ನು ವಶಪಡಿಸಿಕೊಳ್ಳಲು ಹೋದ ಅರಸನಿಗೆ ಅಲ್ಲಿಯೇ ಎದುರಾದವರು ಪ್ರವಾದಿ ಎಲೀಯ. ಕುರ್‌ಆನ್ ಪರಿಚಯಿಸುವ ಇಲ್ಯಾಸ್(ಅ) ಅವರೇ.

ಕುರ್‌ಆನಿನಲ್ಲಿ ಇಲ್ಯಾಸರ(ಅ) ಬಗ್ಗೆ ಇರುವುದು ಬಅಲ್ ವಿಗ್ರಹದ ಆರಾಧನೆಯ ವಿರುದ್ಧ ಅವರು ನೀಡಿದ ಎಚ್ಚರಿಕೆ, ತೋಟದ ವೃತ್ತಾಂತವಿಲ್ಲ. ಆದರೆ ಅನ್ಯಾಯವಾಗಿ ಗೇಣು ಭೂಮಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿ(ಸ) ಎಚ್ಚರಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ನಾವೇನು ಅರಸರಲ್ಲವಲ್ಲ ಎನ್ನಬೇಡಿ. ಸರಕಾರ ಹೊಲಕ್ಕೆ ಪರಿಹಾರ ಕೊಟ್ಟಾಗ, ತಂದೆಯ ಆಸ್ತಿಯಲ್ಲಿ ಅಕ್ಕತಂಗಿಯರಿಗೂ ಪಾಲಿದೆಯೆಂಬ ಅನ್ನಿಸಾ ಅಧ್ಯಾಯದ ಆಜ್ಞೆ ಎಷ್ಟು ಮನೆಗಳಲ್ಲಿ ನೆನಪಾಗುತ್ತದೆ? "ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂದು ಹೇಳಿ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಣ್ಣನಿಗೆ ಸುಳ್ಳುಸಾಕ್ಷಿಗಳ ಅಗತ್ಯವೂ ಬೀಳುವುದಿಲ್ಲ. ತಂಗಿ ಮರುಮಾತಾಡದೆ ಒತ್ತಿಬಿಡುತ್ತಾಳೆ, ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ.