ಪಕ್ಕದ ಎರಡೂವರೆ ಎಕರೆ

ಒಂದು ಹೊಲವನ್ನು ಪ್ಲಾಟು ಮಾಡಿ ಮಾರುವಾಗ ಯಾರನ್ನು ಕೇಳಬೇಕು? ಹೊಲ ಅವನದು, ಮಾರುವ ಹಕ್ಕೂ ಅವನದು ಎನ್ನುವುದು ಒಂದು ಉತ್ತರ. ಆದರೆ ಹೊಲದ ಮೇಲೆ ಮನೆಗಳೆದ್ದಾಗ ಅದರ ಮಳೆನೀರು ಪಕ್ಕದವನ ಅಂಗಳಕ್ಕೆ ಬರುತ್ತದೆ, ಕೊಳಚೆ ಊರ ಹಳ್ಳಕ್ಕೆ ಸೇರುತ್ತದೆ. ಹಾಗಾಗಿ ಕಾನೂನು ನಡುವೆ ಬರುತ್ತದೆ. ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ತಿರುಗಿಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಇದೆ, ವಿಂಗಡಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ. ರಸ್ತೆಗೂ ಉದ್ಯಾನಕ್ಕೂ ಜಾಗ ಬಿಟ್ಟು ನಕ್ಷೆ ಒಪ್ಪಿಸಬೇಕು. ಮಾಸ್ಟರ್ ಪ್ಲ್ಯಾನಿನಲ್ಲಿ ಆ ಜಾಗ ವಸತಿಗೆ ಮೀಸಲಾಗಿಲ್ಲದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು.

ಅಂಥದೊಂದು ಪ್ರಕಟಣೆಯ ಫೋಟೊ ಕಳೆದ ವರ್ಷ ಪುಣೆಯಲ್ಲಿರುವ ನನ್ನ ಫೋನಿಗೆ ಬಂತು. ಧಾರವಾಡದ ಹೊರಗೆ ನಾನೊಂದು ಪ್ಲಾಟು ತೆಗೆದುಕೊಂಡಿದ್ದೇನೆ, ರಿಟೈರ್ ಆದಮೇಲೆ ಮನೆ ಕಟ್ಟುವ ಲೆಕ್ಕದಲ್ಲಿ. ಅದಕ್ಕೆ ಹೊಂದಿಕೊಂಡ ಎರಡೂವರೆ ಎಕರೆಯನ್ನು ವಸತಿಗೆ ತಿರುಗಿಸುವ ಅರ್ಜಿ ಅದು. ಜೊತೆಗೇ ನಮ್ಮ ಬಡಾವಣೆಯ ಹಿರಿಯರೊಬ್ಬರ ಫೋನು: "ಆಕ್ಷೇಪಣಾ ಪತ್ರ ತಯಾರೈತ್ರಿ, ನಿಮ್ಮದೊಂದು ಸಹಿ ಬೇಕ್ರಿ. ಸಣ್ಣ ಸಣ್ಣ ಪ್ಲಾಟ್ ಮಾಡ್ಲಿಕ್ಕತ್ತಾರ, ಎಂಥೆಂಥವ್ರು ಬರ್ತಾರೋ ಏನೋ."

ಪತ್ರದಲ್ಲಿ ಮೂರು ಅಂಶಗಳಿದ್ದವು. ಹೊಲದ ಅಂಚಿನ ಹಳ್ಳವನ್ನು ಮುಚ್ಚುತ್ತಾರೆ. ಕೂಡುರಸ್ತೆ ಸಾಲದು. ಇಪ್ಪತ್ತು-ಮೂವತ್ತರ ಪ್ಲಾಟುಗಳಿಂದ ಬಡಾವಣೆಯ ಮಟ್ಟ ಇಳಿಯುತ್ತದೆ.

ಮೊದಲನೆಯದು ನ್ಯಾಯವಾದದ್ದು. ವರ್ಷದಲ್ಲಿ ಎಂಟು ತಿಂಗಳು ಒಣಗಿರುವ ಹಳ್ಳ ನಕ್ಷೆಯಲ್ಲಿ ಬರೀ ಒಂದು ಗೆರೆ. ಮುಂಗಾರಿನಲ್ಲಿ ಅದು ಗೆರೆಯಾಗಿರುವುದಿಲ್ಲ. ನೀರು ತನ್ನ ದಾರಿ ಮರೆಯುವುದಿಲ್ಲ ಎಂಬುದನ್ನು ನಮ್ಮ ನಗರಗಳು ಪ್ರತಿ ಮಳೆಗಾಲ ಹೊಸದಾಗಿ ಕಲಿಯುತ್ತವೆ. ಈ ಹಾನಿ ಹಳಬ-ಹೊಸಬ ಎಂದು ನೋಡುವುದಿಲ್ಲ. ಇಂಥ ವಿಷಯದಲ್ಲಿ ನೆರೆಯವರು ಗಟ್ಟಿಯಾಗಿ ನಿಂತದ್ದರಿಂದಲೇ ಕೆಲವು ಉಳಿದಿವೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಇಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ನಿಂತಿತು. ಉದ್ಯಾನ ಇನ್ನೂ ಅಲ್ಲಿಗೆ ಬಾರದ ಮಕ್ಕಳಿಗೂ ಸೇರಿದ್ದು ಎಂದು ನಾನು ಆ ತೀರ್ಪನ್ನು ಓದಿಕೊಳ್ಳುತ್ತೇನೆ.

ಕಷ್ಟ ಇರುವುದು ಮೂರನೆಯದರಲ್ಲಿ. ಸ್ವಲ್ಪ ಲೆಕ್ಕ ಹಾಕೋಣ. ಗುಂಟೆಗೆ 1,089 ಚದರ ಅಡಿ, ಎರಡೂವರೆ ಎಕರೆಗೆ ನೂರು ಗುಂಟೆ. ರಸ್ತೆ, ಉದ್ಯಾನ ಎಲ್ಲ ಬಿಟ್ಟು ಮಾರಲು ಶೇಕಡಾ 55 ಉಳಿಯಿತು ಎಂದಿಟ್ಟುಕೊಂಡರೆ ಮೂವತ್ತು-ನಲವತ್ತರ ಪ್ಲಾಟು ಸುಮಾರು 50 ಆಗುತ್ತವೆ. ಇಪ್ಪತ್ತು-ಮೂವತ್ತು ಮಾಡಿದರೆ ಅದೇ ನೆಲದಲ್ಲಿ ನೂರು ಮನೆ. ಉದ್ಯಾನದ ಖರ್ಚು ಮಾಲೀಕ ತನ್ನ ಜೇಬಿನಿಂದ ಕೊಡುವುದಿಲ್ಲ, ಪ್ಲಾಟಿನ ರೇಟಿಗೆ ಸೇರಿಸುತ್ತಾನೆ. ನೂರು ಜನ ಹಂಚಿಕೊಂಡರೆ ಒಬ್ಬ ಡ್ರೈವರನಿಗೋ ಅಂಗನವಾಡಿ ಕಾರ್ಯಕರ್ತೆಗೋ ಎಟುಕಬಹುದು. ನಾವು ಬೇಡ ಎಂದರೆ ಅವರು ಮಾಯವಾಗುವುದಿಲ್ಲ, ಇನ್ನೂ ಎರಡು ಕಿಲೋಮೀಟರು ಆಚೆ ನಕ್ಷೆಯಿಲ್ಲದ ಹೊಲದಲ್ಲಿ ಗುಂಟೆ ಜಾಗ ಕೊಳ್ಳುತ್ತಾರೆ.

ಪುಣೆಯಲ್ಲಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಲ್ಲಿ ಅದಕ್ಕೆ 'ಗುಂಠೇವಾರಿ' ಎಂಬ ಹೆಸರೇ ಇದೆ. ಮಹಾರಾಷ್ಟ್ರ 2001ರಲ್ಲಿ ಅದನ್ನು ಸಕ್ರಮ ಮಾಡಲು ಕಾಯ್ದೆ ತಂದಿತು, 2021ರಲ್ಲಿ ಗಡುವನ್ನು 2020ರ ಡಿಸೆಂಬರ್ 31ರ ತನಕ ಎಳೆಯಿತು. ಕರ್ನಾಟಕದ ಅಕ್ರಮ-ಸಕ್ರಮ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಪಡೆಯಿತು. ನಿಯಮ ಪಾಲಿಸಿದವನಿಗೆ ಸಕ್ರಮವೆಂದರೆ ಸಿಟ್ಟು. ಆ ಸಿಟ್ಟು ಸುಳ್ಳಲ್ಲ. ಆದರೆ ನೇರ ಬಾಗಿಲನ್ನು ಕಿರಿದು ಮಾಡಿದವರಲ್ಲಿ ಆಕ್ಷೇಪಣೆಗೆ ಸಹಿ ಹಾಕುವ ನಮ್ಮಂಥವರೂ ಇದ್ದೇವಲ್ಲ?

ಜನರಲ್ ಬೋಗಿಗೆ ನೂಕಿಕೊಂಡು ಹತ್ತಿದವನು ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಬೋಗಿ ತುಂಬಿದೆ ಎನ್ನುವ ಅವನ ಮಾತು ನಿಜವೇ ಇರಬಹುದು. ಹಾಗಾದರೆ ಯಾವ ಆಕ್ಷೇಪಣೆ ನ್ಯಾಯ, ಯಾವುದು ಬರೀ ಅಡ್ಡ ನಿಲ್ಲುವುದು? ನಾನು ಹಿಡಿದ ಅಳತೆ ಒಂದೇ: ನಮ್ಮ ಬಡಾವಣೆ ಬರುವಾಗ ಇದೇ ಮಾತನ್ನು ಯಾರಾದರೂ ಎತ್ತಿದ್ದರೆ ನಾವು ಒಪ್ಪುತ್ತಿದ್ದೆವೆ? ಹಳ್ಳದ ಮಾತು ಒಪ್ಪುತ್ತಿದ್ದೆವು. ಮಟ್ಟದ ಮಾತು ಒಪ್ಪುತ್ತಿರಲಿಲ್ಲ, ಏಕೆಂದರೆ ಸುತ್ತಲಿನ ರೈತರಿಗೆ ನಾವೂ 'ಎಂಥೆಂಥವರೋ' ಆಗಿದ್ದೆವು. ಪುಣೆಯ ಸೊಸೈಟಿಗಳಲ್ಲಿ ಬಾಡಿಗೆಗೆ ಮನೆ ಹುಡುಕಿದ ನಮಗೆ ಈ ಮಾತಿನ ರುಚಿ ಗೊತ್ತು. ರಸ್ತೆಯ ಅಂಶ ಮಾತ್ರ ನಡುವೆ ತೂಗುತ್ತದೆ. ಅಗಲ ಮಾಡಿ ಎಂದರೆ ಅದು ಸಲಹೆ, ಆದ್ದರಿಂದ ಬೇಡವೇ ಬೇಡ ಎಂದರೆ ನೆಪ.

ಆ ಅಳತೆ ಹಿಡಿದು ಹಳೆಯ ಗ್ರಾಮನಕ್ಷೆ ತೆಗೆದು ನೋಡಿದೆ. ಅದರಲ್ಲಿ ಚುಕ್ಕಿಗೆರೆಯ ಒಂದು ಬಂಡಿದಾರಿ ಆ ಎರಡೂವರೆ ಎಕರೆಯಿಂದ ಹೊರಟು ಈಗಿನ ನಮ್ಮ ಬಡಾವಣೆಯ ನಟ್ಟನಡುವೆ ಹಾಯುತ್ತದೆ. ಇವತ್ತು ಅಲ್ಲಿ ಕಾಂಪೌಂಡಿದೆ. ಹಿರಿಯರಿಗೆ ಬರೆದು ಕಳಿಸಿದೆ: ಹಳ್ಳದ ಅಂಶಕ್ಕೆ ನನ್ನ ಸಹಿ ಇದೆ, ರಸ್ತೆ ಅಗಲವಾಗಲಿ ಎಂದು ತಿದ್ದಿದರೆ ಅದಕ್ಕೂ ಇದೆ, ಮೂರನೆಯದನ್ನು ತೆಗೆಯಿರಿ, ಬಂಡಿದಾರಿಯನ್ನು ಎರಡೂ ಕಡೆ ಬಿಡಿಸಬೇಕೆಂದು ಒಂದು ಸಾಲು ಸೇರಿಸಿ. ಮೂರನೆಯದನ್ನು ತೆಗೆದರು. ಬಂಡಿದಾರಿಯ ಬಗ್ಗೆ, "ಅದನ್ನ ಆಮ್ಯಾಲೆ ನೋಡೋಣ್ರಿ" ಎಂದರು.