ಗುಡ್ಡದ ಬೈಕು ರಸ್ತೆಗೆ ಇಳಿಯಬೇಕೇ?



ನಮ್ಮ ಮಲೆನಾಡಿನ ಕೆಲವು ಮನೆಗಳ ಹಿತ್ತಲ ಕೊಟ್ಟಿಗೆಯಲ್ಲಿ ಹಳೆಯ ಬೈಕೊಂದು ಧೂಳು ಹಿಡಿದು ನಿಂತಿರುತ್ತದೆ. ಅದು ಯಮಹಾ ಆರ್‌ಎಕ್ಸ್ 100 ಇರಬಹುದು. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಹಗುರವಾದ, ಚುರುಕಾದ ಬೈಕು ಅದು. ಅದರ ದೀಪ, ಇಂಡಿಕೇಟರ್, ಮಡ್‌ಗಾರ್ಡ್ ಬಿಚ್ಚಿ, ಸೈಲೆನ್ಸರ್ ಬದಲಿಸಿ, ಬಟನ್ ಟಯರ್ ಹಾಕಿ ಮಣ್ಣಿನ ರೇಸಿಗೋ ತೋಟದ ದಾರಿಗೋ ಹೊಂದಿಸಿಕೊಂಡಿದ್ದ ತಂದೆಗೆ ಈಗ ವಯಸ್ಸಾಗಿದೆ. ಮಗ ಕಾಲೇಜು ಸೇರಿದ್ದಾನೆ. ಹೊಸ ಬೈಕಿನ ಬೆಲೆ ಕೈಗೆ ಎಟುಕುವಂತಿಲ್ಲ. “ಅಪ್ಪಾ, ಇದಕ್ಕೇ ಲೈಟು, ಹಾರನ್ನು ಹಾಕಿಸಿ ರಸ್ತೆಗೆ ಇಳಿಸಿದರೆ ಆಗದೇ?” ಎಂದು ಅವನು ಕೇಳುತ್ತಾನೆ. ತಂದೆಗೆ ಆಸೆ, ತಾಯಿಗೆ ಭಯ.

ಇದು ಮೆಕ್ಯಾನಿಕ್ ಬಿಡಿಸಬೇಕಾದ ಪ್ರಶ್ನೆ, ಇದರಲ್ಲಿ ಗುರುಗಳಿಗೇನು ಕೆಲಸ ಎಂದು ನೀವು ಕೇಳಬಹುದು. “ಆಗುತ್ತದೆಯೇ?” ಎಂಬುದು ಮೆಕ್ಯಾನಿಕ್‌ನ ಪ್ರಶ್ನೆ, ನಿಜ. ಆದರೆ “ಮಾಡಬೇಕೇ?” ಎಂಬುದು ಮನಸ್ಸಾಕ್ಷಿಯ ಪ್ರಶ್ನೆ.

ಆ ಮಗನ ಆಸೆಯಲ್ಲಿ ಒಳ್ಳೆಯದೂ ಇದೆ. ಇದ್ದುದನ್ನು ರಿಪೇರಿ ಮಾಡಿ ಬಳಸುವುದು ಮಿತವ್ಯಯದ ಗುಣ. ಬಳಸಿ ಬಿಸಾಡುವ ಸಂಸ್ಕೃತಿಯನ್ನು ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಖಂಡಿಸಿದ್ದಾರೆ. ಹಾಗೆಂದು ಆಸೆ ಒಳ್ಳೆಯದಾದ ಮಾತ್ರಕ್ಕೆ ನಿರ್ಧಾರವೂ ಒಳ್ಳೆಯದಾಗುತ್ತದೆಯೇ? ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ಮೂರು ಕೆಲಸಗಳನ್ನು ಹೇಳುತ್ತಾರೆ: ಆಲೋಚಿಸುವುದು, ತೀರ್ಮಾನಿಸುವುದು, ತೀರ್ಮಾನಿಸಿದ್ದನ್ನು ಕಾರ್ಯಕ್ಕೆ ಇಳಿಸುವುದು. ಈ ಬೈಕಿನ ಮಾತನ್ನೂ ಅದೇ ಕ್ರಮದಲ್ಲಿ ನೋಡೋಣ.

ಮೊದಲು ಆಲೋಚನೆ

ಆಲೋಚನೆ ಎಂದರೆ ವಾಸ್ತವವನ್ನು ಇದ್ದಂತೆ ನೋಡುವುದು. ಮಣ್ಣನ್ನು ಕಚ್ಚಿ ಹಿಡಿಯುವ ಬಟನ್ ಟಯರ್ ಡಾಂಬರಿನ ಮೇಲೆ ಅಷ್ಟು ಹಿಡಿತ ಕೊಡುವುದಿಲ್ಲ. ಮಳೆಯಲ್ಲಿ ಬ್ರೇಕ್ ಹಾಕಿದರೆ ಜಾರುತ್ತದೆ. ದೀಪ ಉರಿಯಬೇಕಾದರೆ ಬಲ್ಬು ಸಿಕ್ಕಿಸಿದರೆ ಸಾಲದು. ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಕಾಯಿಲ್, ವಯರಿಂಗ್ ಎಲ್ಲವೂ ಸರಿಯಿರಬೇಕು. ಹಿಂದಿನಿಂದ ಬರುವವನಿಗೆ ಬ್ರೇಕ್ ಲೈಟ್ ಕಾಣಬೇಕು. ಕನ್ನಡಿ, ಹಾರನ್ನು, ಸದ್ದಡಗಿಸುವ ಸೈಲೆನ್ಸರ್ ಬೇಕು. ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಟು-ಸ್ಟ್ರೋಕ್ ಇಂಜಿನ್ನಿನ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಕಾಗದಪತ್ರ. ಇಲ್ಲಿ ಎರಡು ಬಗೆಯ ಬೈಕುಗಳಿವೆ. ಒಂದು, ರಸ್ತೆಗೆಂದೇ ತಯಾರಾಗಿ, ಆರ್‌ಸಿ ಪಡೆದು, ಆಮೇಲೆ ಬಿಚ್ಚಿಸಿಕೊಂಡದ್ದು. ಇದಕ್ಕೆ ಬೇಕಾಗಿರುವುದು ಪರಿವರ್ತನೆಯಲ್ಲ. ಮೊದಲಿನ ಸ್ಥಿತಿಗೆ ಮರಳುವುದು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಲು ಕಾನೂನಿನಲ್ಲಿ ಅವಕಾಶವಿದೆ. ಇನ್ನೊಂದು, ರೇಸಿಗೆಂದೇ ತಯಾರಾಗಿ ಎಂದೂ ನೋಂದಣಿಯಾಗದ ಬೈಕು. ಅದಕ್ಕೆ ಎಷ್ಟು ದೀಪ ಹಾಕಿದರೂ ಅದು ರಸ್ತೆಯ ವಾಹನವಾಗುವುದಿಲ್ಲ. ತಯಾರಕರು ಕೊಟ್ಟ ಮೂಲ ರೂಪವನ್ನು ಮಾಲೀಕನು ಬದಲಿಸುವಂತಿಲ್ಲ ಎಂಬ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಇಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ ಆಗಬಹುದು.

ಆಮೇಲೆ ತೀರ್ಮಾನ

“ಬೈಕು ನನ್ನದು, ಹಣ ನನ್ನದು, ಬಿದ್ದರೆ ಬೀಳುವವನೂ ನಾನೇ” ಎಂಬ ಮಾತು ಸಾಮಾನ್ಯ. ಆದರೆ ರಸ್ತೆ ನಿಮ್ಮದೊಬ್ಬರದಲ್ಲ. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ಪುಟ್ಟ ವಿಧಿಯಿದೆ: ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕು, ಯಾರಾದರೂ ಬಿದ್ದರೆ ರಕ್ತಾಪರಾಧ ಆ ಮನೆಯ ಮೇಲೆ ಬರುತ್ತದೆ. ಮನೆ ಅವನದೇ. ಆದರೂ ಅಲ್ಲಿಗೆ ಬರುವವರ ಜೀವಕ್ಕೆ ಅವನು ಹೊಣೆ. ಬ್ರೇಕ್, ದೀಪ, ವಿಮೆ ಎಲ್ಲವೂ ನಮ್ಮ ಕಾಲದ ತಡೆಗೋಡೆಗಳೇ ಅಲ್ಲವೇ?

ಸಂಜೆಗತ್ತಲಲ್ಲಿ ಕೂಲಿ ಮುಗಿಸಿ ರಸ್ತೆಬದಿ ನಡೆದು ಹೋಗುವ ಹೆಂಗಸಿಗೆ ಎದುರಿನ ಬೈಕಿನ ಟಯರ್ ಎಂಥದೆಂದು ತಿಳಿಯದು. ನಿಮ್ಮ ಸಾಹಸಕ್ಕೆ ಆಕೆ ಒಪ್ಪಿಗೆ ಕೊಟ್ಟಿಲ್ಲ. ಆ ಬೈಕಿಗೆ ನೋಂದಣಿಯೂ ವಿಮೆಯೂ ಇಲ್ಲದಿದ್ದರೆ, ಕಾಲು ಮುರಿದುಕೊಂಡ ಆಕೆಯ ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ ಯಾರು ತುಂಬಬೇಕು? ಕಾನೂನು ಪೊಲೀಸರ ಭಯಕ್ಕಾಗಿ ಇರುವುದಲ್ಲ. ಸರ್ವರ ಹಿತಕ್ಕಾಗಿ ವಿಚಾರಶಕ್ತಿ ರೂಪಿಸಿದ ವ್ಯವಸ್ಥೆಯೇ ಕಾನೂನು ಎಂಬುದು ಅಕ್ವಿನಾಸರ ವಿವರಣೆ. ವೇಗದ ಮೋಹದಿಂದ ತನ್ನ ಮತ್ತು ಪರರ ಜೀವವನ್ನು ಅಪಾಯಕ್ಕೆ ಒಡ್ಡುವುದು ಘೋರ ಅಪರಾಧವೆಂದು ಶ್ರೀಸಭೆಯ ಧರ್ಮೋಪದೇಶ ಐದನೆಯ ಆಜ್ಞೆಯ ವಿವರಣೆಯಲ್ಲೇ (2290) ಹೇಳುತ್ತದೆ.

ಇಲ್ಲೊಂದು ಎಚ್ಚರಿಕೆ. ಗುಜರಿಗೆ ಹೋದ ಬೇರೊಂದು ಬೈಕಿನ ಆರ್‌ಸಿ ತಂದು ಅದರ ನಂಬರನ್ನು ಇದಕ್ಕೆ ಹಾಕಬಹುದು ಎಂದು ಸಲಹೆ ಕೊಡುವವರು ಇರುತ್ತಾರೆ. ಉದ್ದೇಶ ಒಳ್ಳೆಯದಿದ್ದರೂ ಸುಳ್ಳು ದಾರಿ ಹಿಡಿಯುವುದನ್ನು ಅಕ್ವಿನಾಸರು ವಿವೇಕವೆನ್ನುವುದಿಲ್ಲ, ಕುಯುಕ್ತಿ ಎನ್ನುತ್ತಾರೆ. ಮಗನಿಗೆ ಮೊದಲ ಬೈಕಿನ ಜೊತೆಗೇ ಮೊದಲ ವಂಚನೆಯ ಪಾಠವನ್ನೂ ಕೊಡಬೇಕೇ?

ಕೊನೆಗೆ ಕಾರ್ಯ

ಮೂರರಲ್ಲಿ ಇದೇ ಮುಖ್ಯವಾದದ್ದು ಎನ್ನುತ್ತಾರೆ ಸಂತರು. ಬೈಕಿಗೆ ಆರ್‌ಸಿ ಇದ್ದು, ಚಾಸಿಸ್ ಗಟ್ಟಿಯಾಗಿದ್ದರೆ, ಟಯರ್, ವಯರಿಂಗ್, ಬ್ರೇಕ್, ನವೀಕರಣ, ವಿಮೆ ಎಲ್ಲದರ ಖರ್ಚನ್ನು ಒಂದು ಕಾಗದದಲ್ಲಿ ಬರೆಯಿರಿ. ಆ ಮೊತ್ತಕ್ಕೆ ಸುಸ್ಥಿತಿಯ ಸೆಕೆಂಡ್ ಹ್ಯಾಂಡ್ ಬೈಕೇ ಸಿಗುವುದಾದರೆ ಮಿತವ್ಯಯದ ವಾದ ಅಲ್ಲಿಗೆ ಮುಗಿಯಿತು. ರಿಪೇರಿಯೇ ಸರಿ ಎಂದಾದರೆ ಪೂರ್ತಿಯಾಗಿ ಮಾಡಿಸಿ. “ಮೊದಲು ಓಡಿಸೋಣ, ದೀಪ ಆಮೇಲೆ” ಎನ್ನಬೇಡಿ. ಮಗನಿಗೆ 18 ತುಂಬಿ, ಲೈಸೆನ್ಸ್ ಸಿಗುವವರೆಗೆ ಕೀಲಿ ಕೈಗೆ ಕೊಡಬೇಡಿ. ಹೆಲ್ಮೆಟ್ಟಿನ ಬೆಲೆಯೂ ಆ ಪಟ್ಟಿಯಲ್ಲಿರಲಿ.

ಅದು ರೇಸಿನ ಬೈಕೇ ಆಗಿದ್ದರೆ ರಸ್ತೆಯ ಆಸೆ ಬಿಡಿ. ತೋಟದೊಳಗೆ ಜಾಗ್ರತೆಯಿಂದ ಓಡಿಸಿ; ಇಲ್ಲವೇ ಇದ್ದ ಸಂಗತಿಯನ್ನು ಮುಚ್ಚಿಡದೆ ಹೇಳಿ ಮಾರಿಬಿಡಿ. ತಂದೆಯ ನೆನಪಿಗಾಗಿ ಒರೆಸಿ ಇಟ್ಟುಕೊಂಡರೂ ತಪ್ಪಿಲ್ಲ.

ಯಾವುದೇ ಇರಲಿ, ಒಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು ಮಾತನಾಡಿ. ಮಗನ ಆಸೆಯನ್ನು ನಗೆಯಾಡದೆ ಕೇಳಿ. ತಾಯಿಯ ಭಯವನ್ನೂ ಕೇಳಿ. ರಸ್ತೆಯಲ್ಲಿ ನಡೆದು ಹೋಗುವ ಆ ಅಪರಿಚಿತಳ ಪರವಾಗಿ ನಿಮ್ಮ ಮನೆಯಲ್ಲಿ ಮಾತನಾಡುತ್ತಿರುವವಳು ಬಹುಶಃ ಆಕೆಯೊಬ್ಬಳೇ.