ನೋವು ಇಳಿದರೆ ಋಣವೂ ಇಳಿದೀತೇ?

ಸತ್ತವರನ್ನು ನೆನೆದಾಗ ಎದೆ ಹಿಂಡದಿದ್ದರೆ ಅದು ಅವರಿಗೆ ಬಗೆದ ದ್ರೋಹವೇ ಎಂಬ ಪ್ರಶ್ನೆ ನನಗೆ ಎದುರಾದದ್ದು ಆಪ್ತಸಮಾಲೋಚಕಿಯ ಮುಂದಿನ ಕುರ್ಚಿಯಲ್ಲಿ.

ಸಕಲೇಶಪುರ ದಾಟಿದ ಮೇಲೆ, ಮಳೆಯಲ್ಲಿ, ಲಾರಿಯೊಂದು ನಮ್ಮ ಕಾರಿಗೆ ಬಡಿಯಿತು. ಸ್ಟೀರಿಂಗ್ ಹಿಡಿದಿದ್ದ ತಮ್ಮ ಅಲ್ಲೇ ಹೋದ. ಒಡೆದ ಗಾಜಿನ ಮೇಲೆ ವೈಪರ್ ಮಾತ್ರ ಕರಕರ ಆಡುತ್ತಲೇ ಇತ್ತು. ಆಮೇಲೆ ಮಳೆಗಾಲದಲ್ಲಿ ಬಸ್ಸು ಹತ್ತಿದರೆ ಆ ಸದ್ದಿಗೆ ಅಂಗೈ ಬೆವರುತ್ತಿತ್ತು; ನಡುದಾರಿಯಲ್ಲೇ ಇಳಿದುಬಿಡುತ್ತಿದ್ದೆ.

ಮಗಳು ಹಟ ಹಿಡಿದು ಕರೆದೊಯ್ದದ್ದು ಇಎಂಡಿಆರ್ ಚಿಕಿತ್ಸೆಗೆ. ಅಮೆರಿಕದ ಫ್ರಾನ್ಸಿನ್ ಶಪಿರೋ 1987ರಲ್ಲಿ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಓಡಿದಂತೆ ಕಾಡುವ ಯೋಚನೆಯ ಕಾವು ಇಳಿದದ್ದನ್ನು ಗಮನಿಸಿ ಕಟ್ಟಿದ ಪದ್ಧತಿ ಅದು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿದೆ.

ಮೊದಲ ಭೇಟಿಗಳಲ್ಲಿ ಬರೀ ಮಾತು. ಆಮೇಲೊಂದು ದಿನ ಸಮಾಲೋಚಕಿ, "ಸರ್, ಎಲ್ಲಕ್ಕಿಂತ ಕೆಟ್ಟ ಚಿತ್ರ ಯಾವುದು? ಸೊನ್ನೆಯಿಂದ ಹತ್ತರೊಳಗೆ ಸಂಕಟ ಎಷ್ಟು?" ಎಂದರು. ಒಂಬತ್ತು ಎಂದೆ. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ, ತಲೆ ಅಲುಗಿಸದೆ, ಅವರ ಎರಡು ಬೆರಳುಗಳ ಹಿಂದೆ ಕಣ್ಣು ಓಡಿಸಬೇಕು. ಅರ್ಧ ನಿಮಿಷ ಎಡಕ್ಕೆ, ಬಲಕ್ಕೆ. ನಿಲ್ಲಿಸಿ, "ಈಗ ಏನು ಬಂತು?" ಹೇಳಿದ್ದಕ್ಕೆ ವ್ಯಾಖ್ಯಾನವಿಲ್ಲ, ಸಾಂತ್ವನವಿಲ್ಲ. "ಸರಿ, ಅದನ್ನೇ ನೋಡ್ತಾ ಇರಿ." ಮತ್ತೆ ಬೆರಳು. ವೈಪರ್ ಬಂತು, ರಕ್ತ ಬಂತು. ಯಾವುದೋ ಸುತ್ತಿನಲ್ಲಿ ತಮ್ಮನೇ ಬಂದ: ಆವತ್ತು ಬೆಳಿಗ್ಗೆ ಹೋಟೆಲಿನಲ್ಲಿ ಕಡುಬಿಗೆ ಚಟ್ನಿ ಸಾಲದೆಂದು ಮಾಣಿಯನ್ನು ಕೂಗುತ್ತಿದ್ದ. ಆ ಬೆಳಗು ನನ್ನಿಂದ ಅಳಿಸಿಯೇ ಹೋಗಿತ್ತು. ಬಿಕ್ಕಿ ಅತ್ತೆ.

ಮನಸ್ಸು ಒಂದು ಹೊತ್ತಿಗೆ ಹಿಡಿಯುವುದು ಸ್ವಲ್ಪವನ್ನೇ. ಬೆರಳನ್ನೂ ಚಿತ್ರವನ್ನೂ ಒಟ್ಟಿಗೆ ಹಿಡಿದಾಗ ಚಿತ್ರ ಮಸುಕಾಗಿ, ಹಾಗೆಯೇ ಮರಳಿ ನೆನಪಿಗೆ ಸೇರುತ್ತದೆ ಎನ್ನುವುದು ಸಂಶೋಧಕರ ಒಂದು ವಿವರಣೆ. ಕಣ್ಣಾಡಿಸುವುದೇ ಬೇಕೇ ಎಂಬ ವಾದ ಅವರಲ್ಲಿ ಇನ್ನೂ ನಡೆದಿದೆ. ನನಗೆ ಆ ವಾದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಒಂಬತ್ತು ಐದಾಯಿತು, ಮೂರಾಯಿತು, ಮತ್ತು ನನಗೆ ಭಯವಾಯಿತು. ತಮ್ಮನದೆಂದು ನನ್ನ ಬಳಿ ಉಳಿದಿದ್ದದ್ದು ಆ ಸಂಕಟ. ಅದನ್ನೂ ಬಿಟ್ಟುಕೊಡುವುದೇ?

ತಮ್ಮ ಮದುವೆಯಾಗದೆ ಹೋದವನು; ಅವನ ಸಪಿಂಡೀಕರಣ ಮಾಡಿದವನು ನಾನೇ. ಪ್ರೇತಪಿಂಡವನ್ನು ಮೂರು ಪಾಲು ಮಾಡಿ ಹಿರಿಯರ ಪಿಂಡಗಳಲ್ಲಿ ಬೆರೆಸಿದ್ದೆ. ಸತ್ತವನನ್ನು ಮರೆ ಎಂದು ಆ ಕರ್ಮ ಎಲ್ಲೂ ಹೇಳುವುದಿಲ್ಲ. ಅಲೆಯುವವನಿಗೆ ಅದು ಪಿತೃಗಳ ಪಂಕ್ತಿಯಲ್ಲಿ ಜಾಗ ಕೊಡುತ್ತದೆ. ಅಲ್ಲಿಂದಾಚೆಗೆ ಅವನು ಕರೆದ ದಿನ ಬರುತ್ತಾನೆ, ಉಂಡು ಹೋಗುತ್ತಾನೆ. ನೆನಪೂ ಒಂದು ಚಿತ್ತವೃತ್ತಿ, ವೃತ್ತಿಗಳಲ್ಲಿ ಕ್ಲೇಶ ಕೊಡುವವೂ ಕೊಡದವೂ ಉಂಟು ಎಂಬ ಪತಂಜಲಿಯ ವಿಭಾಗವನ್ನು ಹಾಸನದ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಆದರೂ ಕೈ ಮುಗಿಸಿದ್ದ ಕರ್ಮ ಚಿತ್ತದಲ್ಲಿ ಮುಗಿದಿರಲಿಲ್ಲ. ಅಲ್ಲಿ ತಮ್ಮ ಇನ್ನೂ ಘಟ್ಟದ ರಸ್ತೆಯಲ್ಲೇ ಸಾಯುತ್ತಿದ್ದ, ದಿನಾ. ಅವನನ್ನು ಅಲ್ಲೇ ಕೆಡವಿಟ್ಟುಕೊಳ್ಳುವುದನ್ನು ಪ್ರೀತಿಯೆನ್ನಲು ನನಗೀಗ ಬಾಯಿ ಬರುವುದಿಲ್ಲ.

ಸಂಕಟ ಎರಡಕ್ಕೆ ಬಂದು ನಿಂತಾಗ ಸಮಾಲೋಚಕಿ, "ಇನ್ನೂ ಇಳಿಯದಂತೆ ತಡೀತಿರೋದು ಏನು?" ಎಂದು ಕೇಳಿದರು.

"ಅವನು ನನ್ನ ತಮ್ಮ. ಇಷ್ಟು ಇರಲಿ" ಎಂದೆ.

ಆಕೆ ಒಪ್ಪಿದರು. ಸೊನ್ನೆಗೇ ಇಳಿಯಬೇಕೆಂಬ ಹಟ ಈ ಪದ್ಧತಿಗಿಲ್ಲ. ಸಹಜವಾಗಿ ಉಳಿಯಬೇಕಾದ ದುಃಖವನ್ನು ಅದು ರೋಗದ ಲೆಕ್ಕಕ್ಕೆ ಸೇರಿಸುವುದಿಲ್ಲ.